ಗಂಟೆಗೆ ನೂರಾ ಐವತ್ತೆರಡು

ಪೃಥ್ವಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಸ ಕಾರಿನ ಇನ್ಶೂರೆನ್ಸ್ ಫಾರಂ ತುಂಬುತ್ತಿದ್ದ. ಡಚ್ ಭಾಷೆಯ ಪ್ರಶ್ನೆಗಳನ್ನು ಫೋನಿನಲ್ಲಿ ಅನುವಾದಿಸಿಕೊಂಡು ಒಂದೊಂದಾಗಿ ಓದಿ ಹೇಳುತ್ತಿದ್ದ. ಊರ್ಮಿಳಾ ಒಲೆಯ ಮುಂದೆ ನಿಂತು ಚಪಾತಿ ಬೇಯಿಸುತ್ತಿದ್ದಳು.

"ಇದು ಕೇಳು. ‘ಕಳೆದ ಎಂಟು ವರ್ಷಗಳಲ್ಲಿ ಕಾರು ಓಡಿಸುವ ಯಾರದಾದರೂ ಲೈಸೆನ್ಸ್ ಪೊಲೀಸರ ವಶಕ್ಕೆ ಹೋಗಿದೆಯೇ? ಕಡ್ಡಾಯ ಚಾಲನಾ ಕೋರ್ಸ್‌ಗೆ ಕಳುಹಿಸಲಾಗಿದೆಯೇ?’ ಏನ್ ಪ್ರಶ್ನೆ ಕೇಳ್ತಾರಪ್ಪ!" ಎಂದು ನಕ್ಕ. "ಇಬ್ರದ್ದೂ ಇಲ್ಲ. ಅಲ್ವಾ?"

"ಹ್ಞೂಂ," ಎಂದಳು ಊರ್ಮಿಳಾ. ಕಾವಲಿಯ ಮೇಲಿನ ಚಪಾತಿ ಕರಿದಾಗುತ್ತಿತ್ತು. ಅದನ್ನು ಮಗುಚುವಷ್ಟರಲ್ಲಿ ಅವನು ‘ಇಲ್ಲ’ ಒತ್ತಿ ಮುಂದಿನ ಪ್ರಶ್ನೆಗೆ ಹೋಗಿದ್ದ. ಹತ್ತು ನಿಮಿಷದಲ್ಲಿ ಫಾರಂ ಹೋಯಿತು.

ಅವಳ ಲೈಸೆನ್ಸ್ ಹೋಗಿತ್ತು. ಕೋರ್ಸೂ ಆಗಿತ್ತು.

ಫೆಬ್ರವರಿಯಲ್ಲಿ ಪೃಥ್ವಿ ತನ್ನ ತಂದೆ ಹಾಲಪ್ಪನವರನ್ನು ಕರೆತರಲು ದಾವಣಗೆರೆಗೆ ಹೋಗಿದ್ದ. ಅವರ ಕಣ್ಣಿನ ಆಪರೇಷನ್, ವೀಸಾ ಎಲ್ಲ ಮುಗಿಸಿ ಬರಲು ಆರು ವಾರ ಹಿಡಿಯಿತು. ಅವನು ಹೋದ ನಾಲ್ಕನೆಯ ದಿನ, ಒಂದು ಭಾನುವಾರ ಬೆಳಿಗ್ಗೆ, ಊರ್ಮಿಳಾ ಹೇಗ್ ನಗರದ ಪಕ್ಕದ ವೂರ್‌ಬರ್ಗ್‌ನ ಮನೆಯಿಂದ ಕಾರು ತೆಗೆದು ನೈಮೆಗನ್ ಕಡೆ ಹೊರಟಳು. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಗೆಳತಿ ಸಮೀಕ್ಷಾಳನ್ನು ನೋಡಬೇಕೆಂಬುದು ಒಂದು ನೆಪ. ಯಾವ ಹೊತ್ತಿಗೆ ಬರುತ್ತೇನೆಂದು ಸಮೀಕ್ಷಾಳಿಗೂ ಹೇಳಿರಲಿಲ್ಲ. ಹೆದ್ದಾರಿ ಖಾಲಿಯಿತ್ತು. ಮಂಜು ಕರಗಿ ಬಿಸಿಲು ಬಿದ್ದಿತ್ತು. ಅವಳು ಕಾಲು ಒತ್ತಿದಳು, ಇನ್ನೂ ಒತ್ತಿದಳು. ಮುಂದೆ ಹೋದ ಒಂದು ಸಾದಾ ಕಾರಿನ ಹಿಂದಿನ ಗಾಜಿನಲ್ಲಿ ‘ಹಿಂಬಾಲಿಸಿ’ ಎಂಬ ಕೆಂಪು ಅಕ್ಷರಗಳು ಹೊತ್ತಿಕೊಂಡಾಗಲೇ ಅದು ಪೊಲೀಸರದೆಂದು ತಿಳಿದದ್ದು. ನೂರರ ಮಿತಿಯಲ್ಲಿ ನೂರಾ ಐವತ್ತೆರಡು. ಲೈಸೆನ್ಸನ್ನು ಅಲ್ಲೇ ತೆಗೆದುಕೊಂಡರು. ಸಮೀಕ್ಷಾ ರೈಲು, ಬಸ್ಸು ಹಿಡಿದು ಬಂದು ಅವಳನ್ನೂ ಕಾರನ್ನೂ ಮನೆಗೆ ಮುಟ್ಟಿಸಿದಳು.

ಪೃಥ್ವಿ ಮರಳುವಷ್ಟರಲ್ಲಿ ದಂಡ ಕಟ್ಟಿ, ಲೈಸೆನ್ಸ್ ಕೈಗೆ ಬಂದಿತ್ತು. ಕೋರ್ಸಿನ ಪತ್ರ ಮಾತ್ರ ಆಮೇಲೆ ಬಂತು. ಯುಟ್ರೆಕ್ಟ್‌ನಲ್ಲಿ ಆಫೀಸ್ ಟ್ರೇನಿಂಗ್ ಎಂದು ಹೇಳಿ ಎರಡು ದಿನ ಹೋಗಿ ಬಂದಳು. ಅಲ್ಲಿ ಪಾಠ ಮಾಡಿದ ಹೆಂಗಸು, ಆ ಹೊತ್ತಿನಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು ಬರೆಯಿರಿ ಎಂದಿದ್ದಳು. ‘ತಡವಾಗಿತ್ತು’ ಎಂದು ಬರೆದು ಊರ್ಮಿಳಾ ಹಾಳೆ ಮಡಿಸಿಟ್ಟಿದ್ದಳು. ಅದೂ ಸುಳ್ಳೇ.

ಫಾರಂ ಹೋದ ಮರುದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಆಫೀಸಿಗೆ ಹೋಗುವ ರೈಲಿನಲ್ಲಿ ಇನ್ಶೂರೆನ್ಸ್ ಕಂಪನಿಯ ನಿಯಮಗಳನ್ನು ಓದುತ್ತ ಒಮ್ಮೆ ಇಳಿಯಬೇಕಾದ ಯುಟ್ರೆಕ್ಟ್ ದಾಟಿ ಮುಂದೆ ಹೋಗಿಬಿಟ್ಟಳು. ಮೀಟಿಂಗ್‌ಗಳಲ್ಲಿ ಯಾರೋ ಹೆಸರು ಹಿಡಿದು ಕರೆದರೆ ಬೆಚ್ಚುತ್ತಿದ್ದಳು. ಸಮೀಕ್ಷಾಳಿಗೆ ಫೋನ್ ಮಾಡಿದಳು.

"ಅಕ್ಕಾ, ಸುಮ್ನಿರಿ. ಅವ್ರಿಗೆ ಹೇಗ್ ಗೊತ್ತಾಗುತ್ತೆ? ಪೊಲೀಸ್ ರೆಕಾರ್ಡ್ ಎಲ್ಲ ಇನ್ಶೂರೆನ್ಸ್‌ನವ್ರು ನೋಡಲ್ಲ."

"ನೋಡಿದ್ರೆ?"

"ನೋಡಿದ್ರೆ ಆಗ ನೋಡೋಣ. ಪ್ರಶ್ನೆ ಅರ್ಥ ಆಗ್ಲಿಲ್ಲ ಅನ್ನಿ. ಡಚ್ ಬರಲ್ಲ ಅನ್ನಿ."

ಆ ಮಾತು ಒಂದು ಸಂಜೆಯಷ್ಟೇ ಸಮಾಧಾನ ಕೊಟ್ಟಿತು. ಕಂಪನಿಗೆ ಹೇಳಬೇಕಾದರೆ ಪೃಥ್ವಿಗೆ ಹೇಳಬೇಕು. ಪೃಥ್ವಿಗೆ ಹೇಳಿದರೆ ಎಲ್ಲಿಗೆ ಅಷ್ಟು ಅವಸರವಾಗಿ ಹೋಗುತ್ತಿದ್ದೆ ಎಂದು ಕೇಳುತ್ತಾನೆ. ಅದಕ್ಕೆ ಅವಳ ಬಳಿ ಉತ್ತರವಿತ್ತು, ಬಾಯಿ ಇರಲಿಲ್ಲ.

ಹೊಸ ಕಾರು ಬಂತು. ಊರ್ಮಿಳಾ ಅದನ್ನು ಮುಟ್ಟಲಿಲ್ಲ. ಸೊಂಟ ನೋವು ಎಂದಳು, ಸೈಕಲ್ಲೇ ಸರಿ ಎಂದಳು. ಹಾಲಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಮನೆಯಲ್ಲಿ ಯಾರು ಚೆನ್ನಾಗಿ ಗಾಡಿ ಓಡಿಸುತ್ತಾರೆಂದು ಕೇಳಿದರೆ ಮಗನ ಹೆಸರು ಹೇಳುವವರಲ್ಲ. "ಸೊಸಿ ಗೇರು ಹಾಕಿದ್ರ ಗೊತ್ತೇ ಆಗಂಗಿಲ್ಲ" ಎನ್ನುವವರು. ಅವರು ಎರಡು ವಾರ ನೋಡಿದರು.

ಒಂದು ಶುಕ್ರವಾರ ಪೃಥ್ವಿ ಆಫೀಸಿಗೆ ಹೋಗಿದ್ದ. ಊರ್ಮಿಳಾಳಿಗೆ ರಜೆ. "ಹೇಗ್‌ನ ಸಂತಿಗೆ ಹೋಗಾನೇನಮ್ಮ? ಮೆಂತ್ಯ ಸೊಪ್ಪು ಸಿಗ್ತದಂತ. ಟ್ರಾಮ್ ಹತ್ತಾಕ ನನ್ನ ಮೊಣಕಾಲು ಬರವಲ್ದು" ಎಂದರು ಹಾಲಪ್ಪ. ಇಲ್ಲವೆನ್ನಲು ಕಾರಣ ಹೊಳೆಯಲಿಲ್ಲ.

ಅವಳು ಮೆಲ್ಲಗೇ ಓಡಿಸಿದಳು. ಸಂತೆಗೆ ಇನ್ನೆರಡು ಬೀದಿ ಇರುವಾಗ ಬಲಕ್ಕೆ ತಿರುಗಬೇಕಿತ್ತು. ಕನ್ನಡಿ ನೋಡಿದಳು, ನೋಡಿದೆನೆಂದು ಅಂದುಕೊಂಡಳು. ಬಲಬದಿಯಿಂದ ನೇರ ಬರುತ್ತಿದ್ದ ಸೈಕಲ್ಲು ಬಾಗಿಲಿಗೆ ಬಡಿಯಿತು. ಬ್ರೇಕ್ ಒತ್ತಿದಳು. ಬೆನ್ನಿಗೆ ಶಾಲೆಯ ಬ್ಯಾಗು ಹಾಕಿಕೊಂಡಿದ್ದ ಹುಡುಗಿಯೊಬ್ಬಳು ನೆಲಕ್ಕೆ ಮೊಣಕಾಲೂರಿ ಬಿದ್ದಿದ್ದಳು.

ಊರ್ಮಿಳಾ ಇಳಿದು ಓಡಿದಳು. ಹುಡುಗಿ ತಾನಾಗಿ ಎದ್ದು, ಸೈಕಲ್ಲಿನ ಚಕ್ರ ತಿರುಗಿಸಿ ನೋಡಿ, ಡಚ್ಚಿನಲ್ಲಿ ಚೆನ್ನಾಗಿ ಬೈದಳು. ಪ್ಯಾಂಟು ಹರಿದಿತ್ತು, ಚರ್ಮ ತರಚಿತ್ತು, ಅಷ್ಟೇ. ಊರ್ಮಿಳಾ ತನ್ನ ಹೆಸರು, ನಂಬರು ಬರೆದು ಅವಳ ಕೈಗಿತ್ತಳು. "ನೋಡ್ಕೊಂಡು ಓಡಿಸಿ, ಮೇಡಂ" ಎಂದು ಹುಡುಗಿ ಸೈಕಲ್ ಹತ್ತಿ ಹೋದಳು.

ಊರ್ಮಿಳಾ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿದಳು. ಆ ಹುಡುಗಿಯ ಕಾಲು ಮುರಿದಿದ್ದರೆ? ತಲೆಗೆ ಪೆಟ್ಟಾಗಿದ್ದರೆ? ಅವಳಪ್ಪ ಅಮ್ಮ ಆಸ್ಪತ್ರೆಯಲ್ಲಿ ಕೂತಿರುವಾಗ ಕಂಪನಿಯವರು ಹಳೆಯ ಕಾಗದ ತೆಗೆದು, ಈ ಹೆಂಗಸು ಸುಳ್ಳು ಹೇಳಿದ್ದಾಳೆ ಎಂದು ಪರಿಹಾರ ಕೊಡದೆ ಕೈ ಎತ್ತಿದ್ದರೆ? ಇಷ್ಟು ದಿನ ಅವಳ ಲೆಕ್ಕದಲ್ಲಿ ಕಂಪನಿ, ಪೃಥ್ವಿ, ತಾನು ಇಷ್ಟೇ ಇದ್ದದ್ದು. ರಸ್ತೆಯಲ್ಲಿ ಬರುವವರು ಯಾರೂ ಇರಲಿಲ್ಲ.

"ಆಗಲಿ ಬಿಡಮ್ಮ, ಹುಡುಗಿಗೆ ಏನೂ ಆಗಿಲ್ಲ," ಎಂದರು ಹಾಲಪ್ಪ.

"ಮಾವ, ನನ್ನ ಲೈಸೆನ್ಸ್ ಹೋಗಿತ್ತು," ಎಂದಳು. ಉಳಿದದ್ದೆಲ್ಲ ಒಂದೇ ಉಸಿರಿಗೆ ಹೊರಬಂತು.

ಹಾಲಪ್ಪ ಮುಂದಿನ ಗಾಜನ್ನೇ ನೋಡುತ್ತ ಕೇಳಿಸಿಕೊಂಡರು. "ಎಷ್ಟಿತ್ತು?"

"ನೂರಾ ಐವತ್ತೆರಡು."

ಅವರ ಮುಖ ಗಟ್ಟಿಯಾಯಿತು. "ತಪ್ಪು ಮಾಡೀಯ. ದೊಡ್ಡ ತಪ್ಪು. ನಾನು ಸಮಾಧಾನ ಹೇಳಂಗಿಲ್ಲ." ಅವಳ ಫೋನನ್ನು ಎತ್ತಿ ಕೈಗೆ ಕೊಟ್ಟು, "ಕಂಪನಿಗೆ ಈಗ್ಲೇ ಫೋನ್ ಹಚ್ಚು. ಸಂಜಿಗೆ ನನ್ನ ಮಗಗ ನೀನೇ ಹೇಳು. ನನ್ನ ಬಾಯಿಂದ ಹೊರಡಂಗಿಲ್ಲ" ಎಂದರು.

ಅವಳು ಅಲ್ಲಿಂದಲೇ ಫೋನ್ ಮಾಡಿದಳು. ಹನ್ನೆರಡು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡಿದಳು. ಬೈಯಲಿಲ್ಲ, ಹೊಗಳಲೂ ಇಲ್ಲ. ತಾರೀಖು, ವೇಗ, ಕೋರ್ಸ್ ಮುಗಿದ ದಿನ ಬರೆದುಕೊಂಡು, ತೀರ್ಮಾನ ಇಮೇಲ್‌ನಲ್ಲಿ ಬರುತ್ತದೆ ಎಂದಳು. ಮೆಂತ್ಯ ಸೊಪ್ಪು ಕೊಳ್ಳದೆ ಇಬ್ಬರೂ ಮನೆಗೆ ಬಂದರು.

ಸಂಜೆ ಪೃಥ್ವಿ ಶೂ ಬಿಚ್ಚುವ ಮೊದಲೇ ಊರ್ಮಿಳಾ ಹೇಳಿದಳು. ಹಾಲಪ್ಪ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಅವತ್ತು ರಾತ್ರಿ ನನ್ ಜೊತೆ ವಿಡಿಯೋ ಕಾಲ್‌ನಲ್ಲಿ ನಗ್ತಾ ಮಾತಾಡಿದೆ," ಎಂದ ಪೃಥ್ವಿ. "ಫಾರಂ ತುಂಬ್ವಾಗ ಕೇಳ್ದೆ. ಆಗ್ಲೂ ಹೇಳ್ಲಿಲ್ಲ. ಎಲ್ಲಿಗೆ ಹೋಗ್ತಿದ್ದೆ ಅಷ್ಟು ಫಾಸ್ಟಾಗಿ?"

"ಎಲ್ಲಿಗೂ ಇಲ್ಲ."

"ಮತ್ತೆ?"

"ಖುಷಿಯಾಗಿತ್ತು, ಪೃಥ್ವಿ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಾರೂ ನನ್ನ ಕಾಯ್ತಿರಲಿಲ್ಲ. ಎಷ್ಟು ಹೊತ್ತಿಗೆ ಬರ್ತೀಯ ಅಂತ ಯಾರೂ ಕೇಳ್ತಿರಲಿಲ್ಲ. ಹಾಗೇ ಒತ್ತಿಬಿಟ್ಟೆ."

ಅವನು ಶೂ ಲೇಸನ್ನು ಮತ್ತೆ ಬಿಗಿದ. "ನಾನಿಲ್ಲ ಅಂತ ಅಷ್ಟು ಖುಷಿನಾ?"

"ಹೌದು, ಅವತ್ತು. ನೀನು ಏರ್‌ಪೋರ್ಟಿನಲ್ಲಿ ಕಾಣಿಸಿದಾಗ್ಲೂ ಖುಷಿಯಾಯ್ತು. ಎರಡೂ ನಿಜ."

ಪೃಥ್ವಿ ಸೈಕಲ್ ತೆಗೆದುಕೊಂಡು ಹೋದ. ಗಂಟೆಯ ನಂತರ ಬಂದು ತಣ್ಣಗಾದ ಅನ್ನವನ್ನೇ ಉಂಡ. ನಾಲ್ಕೈದು ದಿನ ಅಗತ್ಯದ ಮಾತುಗಳಷ್ಟೇ ನಡೆದವು.

ಮುಂದಿನ ವಾರ ಕಂಪನಿಯ ಇಮೇಲ್ ಬಂತು. ಪಾಲಿಸಿ ರದ್ದು, ಬೇರೆ ಕಡೆ ನೋಡಿಕೊಳ್ಳಲು ಹದಿನಾಲ್ಕು ದಿನ. ಇಬ್ಬರೂ ಕೂತು ಮೂರು ಕಂಪನಿಗಳಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದರು. ಎರಡು ಬೇಡವೆಂದವು. ಮೂರನೆಯದು ಹೆಚ್ಚುಕಡಿಮೆ ಎರಡರಷ್ಟು ಕಂತಿಗೆ ಒಪ್ಪಿತು. "ಸಮೀಕ್ಷಾ ಹೇಳಿದ ಹಾಗೆ ಸುಮ್ನಿದ್ದಿದ್ರೆ ಈ ದುಡ್ಡು ಉಳೀತಿತ್ತು," ಎಂದಳು ಊರ್ಮಿಳಾ.

"ಉಳೀತಿತ್ತು," ಎಂದ ಪೃಥ್ವಿ. ಅದು ಆಕ್ಷೇಪವೋ ಬರೀ ಒಪ್ಪಿಗೆಯೋ ಅವಳಿಗೆ ತಿಳಿಯಲಿಲ್ಲ.

ಜೂನ್‌ನ ಒಂದು ಶನಿವಾರ ಅವನೇ ಹೇಳಿದ, "ನಿಂಗೆ ಎಲ್ಲಾದ್ರೂ ಹೋಗ್ಬೇಕು ಅನ್ಸಿದ್ರೆ ಹೋಗ್ಬಾ. ಅಪ್ಪನ್ನ ನಾನ್ ನೋಡ್ಕೋತೀನಿ. ಫೋನ್ ಮಾಡಲ್ಲ."

ಅವಳು ರೈಲಿನಲ್ಲಿ ನೈಮೆಗನ್‌ಗೆ ಹೋಗಿ ನದಿಯ ದಂಡೆಯಲ್ಲಿ ನಡೆದಳು. ಸರಕಿನ ದೋಣಿಗಳು ನಿಧಾನವಾಗಿ ಹೋಗುತ್ತಿದ್ದವು. ಮಧ್ಯಾಹ್ನ ಎರಡಾದರೂ ಫೋನ್ ಸದ್ದು ಮಾಡದಿದ್ದಾಗ ಅವಳಿಗೆ ಕಸಿವಿಸಿಯಾಗತೊಡಗಿತು. ಮೂರು ಗಂಟೆಗೆ ತಾನೇ ಮಾಡಿದಳು.

"ಊಟ ಆಯ್ತಾ?" ಎಂದು ಕೇಳಿದಳು.

"ಅಪ್ಪ ಉಪ್ಪಿಟ್ಟು ಮಾಡಿದ್ರು. ಉಪ್ಪು ಜಾಸ್ತಿ," ಎಂದ ಪೃಥ್ವಿ. ಯಾವಾಗ ಬರುತ್ತೀಯೆಂದು ಕೇಳಬಾರದೆಂದು ಅವನು ನಾಲಿಗೆ ಕಚ್ಚಿಕೊಂಡದ್ದು ಅವಳಿಗೆ ಕೇಳಿಸಿದಂತಾಯಿತು.

"ಇನ್ನೂ ಸ್ವಲ್ಪ ಹೊತ್ತು ಇರ್ತೀನಿ," ಎಂದು ಅವಳು ಫೋನ್ ಇಟ್ಟಳು.