ಜೆಟ್ಟಿನ ಮೂಗಿನ ಮೇಲಿನ ಮೂರು ಪಟ್ಟೆ

ಸೀತಾರಾಮ ಸಿಗರೇಟು ಹಿಡಿದಿದ್ದಾನೆ ಎಂಬ ಸುದ್ದಿ ಹೆಂಡತಿ ಮಾಧವಿಯ ಕಿವಿಗೆ ಬೀಳುವ ಮೊದಲೇ ತಾಯಿ ತಿರುಮಲಮ್ಮನವರ ಕಿವಿಗೆ ಬಿದ್ದಿತ್ತು. ಸುದ್ದಿ ತಂದವರು ಪಕ್ಕದ ಮನೆಯ ಅನಸೂಯಮ್ಮ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ, ಸಂಧ್ಯಾವಂದನೆ ತಪ್ಪಿಸದ, ಎರಡನೆಯ ಲೋಟ ಕಾಫಿ ಕೇಳಲೂ ಸಂಕೋಚಪಡುವ ಮನುಷ್ಯ, ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹಿಂದೆ ಗಂಗುಲಪ್ಪನ ಬೀಡಾ ಅಂಗಡಿಯ ಮುಂದೆ ಬಗ್ಗಿ ಬಗ್ಗಿ ಖಾಲಿ ಸಿಗರೇಟು ಪ್ಯಾಕು ಆರಿಸುತ್ತಿದ್ದುದನ್ನು ಆಕೆ ಕಣ್ಣಾರೆ ಕಂಡಿದ್ದರು.

"ಸೇದೋದೇ ಆದ್ರೆ ಹೊಸದು ಕೊಂಡ್ಕೊಂಡು ಸೇದಬಾರದೇನೇ? ಜನ ಬಿಸಾಕಿದ್ದನ್ನ ಆಯ್ಕೊಳ್ಳೋ ಗತಿ ನಮಗೇನು ಬಂದಿತ್ತು?" ಎಂದು ತಿರುಮಲಮ್ಮ ಸೊಸೆಯ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾಧವಿ ತುಟಿ ಕಚ್ಚಿ ನಗು ತಡೆದುಕೊಂಡಳು. "ಸೇದೋಕಲ್ಲ ಅತ್ತೆ. ಪ್ಯಾಕಿನೊಳಗೆ ಬೆಳ್ಳಿ ಕಾಗದ ಇರುತ್ತಲ್ಲ, ಅದನ್ನ ವಿಮಾನಕ್ಕೆ ಅಂಟಿಸೋಕೆ."

ತಿರುಮಲಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಅದಕ್ಕಿಂತ ಸೇದೋದೇ ವಾಸಿಯಾಗಿತ್ತು" ಎಂದು ಎದ್ದು ಹೋದರು.

ಇದಕ್ಕೆಲ್ಲ ಮೂಲ ಮಾಧವಿಯ ಅಣ್ಣ ನಾಗರಾಜ. ವಾಯುಪಡೆಯಲ್ಲಿ ವಿಮಾನ ರಿಪೇರಿಯ ಕೆಲಸ, ಎಲ್ಲೋ ಉತ್ತರದ ಕಡೆ. ಹಿಂದಿನ ಸಲ ರಜೆಗೆ ಬಂದಾಗ ಸೀತಾರಾಮ ತಾನು ಮರದಲ್ಲಿ ಕೆತ್ತಿ ಬಣ್ಣ ಬಳಿದ ಮೊದಲ ಜೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಂದು ತೋರಿಸಿದ್ದ. ನಾಗರಾಜ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಲ್ಲಾ ಸರಿ ಕಣ್ರೀ ಸೀತಾರಾಮು, ಇದಕ್ಕೆ ಎತ್ತು ಎಲ್ಲಿ ಕಟ್ಟೋದು?" ಎಂದುಬಿಟ್ಟ. ಪಡಸಾಲೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಾಧವಿಯೇ. ಸೀತಾರಾಮನೂ ನಕ್ಕಂತೆ ಮಾಡಿ, ಜೆಟ್ಟನ್ನು ತೆಗೆದುಕೊಂಡು ಹೋಗಿ ಅಟ್ಟದ ಮೇಲಿಟ್ಟ. ಆಮೇಲೆ ಅದನ್ನು ಇಳಿಸಲೇ ಇಲ್ಲ. ಅವತ್ತು ಅಟ್ಟದ ಏಣಿ ಹತ್ತುತ್ತಿದ್ದ ಗಂಡನ ಬೆನ್ನು ಮಾಧವಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು.

ಈ ಸಲ ಮಾವಿನ ಕಾಲಕ್ಕೆ ಅಣ್ಣ ಮತ್ತೆ ಬರುವವನಿದ್ದ. ಅವನ ಬಾಯಿಂದ 'ಸರಿಯಾಗಿದೆ' ಎಂಬ ಒಂದೇ ಒಂದು ಮಾತು ಕೇಳಬೇಕೆಂದು ಸೀತಾರಾಮ ಹಟಕ್ಕೆ ಬಿದ್ದಿದ್ದ. ಈ ಬಾರಿ ಆರಿಸಿಕೊಂಡದ್ದು ನ್ಯಾಟ್, ನಮ್ಮ ವಾಯುಪಡೆಯ ಪುಟ್ಟ ಬೆಳ್ಳಿ ಬಣ್ಣದ ಜೆಟ್ಟು. ಯಾವ ಭಾಗಕ್ಕೆ ಯಾವ ಬಣ್ಣ ಎಂದು ಭಾವನಿಗೇ ಕಾಗದ ಬರೆದು ಕೇಳಿದ. 'ನಾವೆಲ್ಲ ಕ್ಷೇಮ. ಬಣ್ಣಗಿಣ್ಣ ಹೇಳುವಂತಿಲ್ಲ' ಎಂದು ಉತ್ತರ ಬಂತು. ಸಂಘದ ಕೆಲಸಕ್ಕೆ ಬೆಂಗಳೂರಿಗೆ ಹೋದಾಗಲೆಲ್ಲ ವಿಮಾನದ ಕಾರ್ಖಾನೆಯ ಬೇಲಿಯಾಚೆ ನಿಂತು ಕತ್ತು ಚಾಚಿ ನೋಡಿದ. ಕಾವಲಿನವನು ಗದರಿಸಿದರೆ ಮುಂದಿನ ಮರದ ಕೆಳಗೆ ಹೋಗಿ ನಿಂತ. ಬರೀ ಬೆಳ್ಳಿ ಪೇಂಟು ಬಳಿದರೆ ಗೇಟಿಗೆ ಬಳಿದ ಹಾಗೆ ಕಾಣುತ್ತದೆ, ನಿಜವಾದ ತಗಡಿನಲ್ಲಿ ಒಂದೊಂದು ತುಂಡಿಗೂ ಒಂದೊಂದು ಹೊಳಪು ಎಂದು ಅಲ್ಲೇ ಅವನಿಗೆ ಹೊಳೆದದ್ದು. ಅದಕ್ಕೇ ಈ ಸಿಗರೇಟು ಪ್ಯಾಕಿನ ಬೇಟೆ. ಒಂದು ಜಾತಿಯ ಕಾಗದ ಮಿರಮಿರ ಮಿಂಚಿದರೆ ಇನ್ನೊಂದು ಮಂಕು. ಬಾಲದ ಹತ್ತಿರ ಬಿಸಿಗಾಳಿಗೆ ಕಂದಿದ ತಗಡು ಬೇಕಾದಾಗ ಕಾಗದವನ್ನು ಸೀಮೆಎಣ್ಣೆ ದೀಪದ ಮೇಲೆ ಹಿಡಿದು ಬಾಡಿಸುತ್ತಿದ್ದ. ಗಂಗುಲಪ್ಪನಿಗೂ ಪಾಠವಾಗಿಹೋಗಿತ್ತು. "ಏಮಿ ಸಾಮೀ, ಇವತ್ತು ರೆಕ್ಕೆಗಾ, ಹೊಟ್ಟೆಗಾ?" ಎಂದು ಕೇಳಿ, ಬೇಕಾದ ಜಾತಿಯ ಪ್ಯಾಕನ್ನು ತಾನೇ ತೆಗೆದಿಡುತ್ತಿದ್ದ.

ಇಷ್ಟರ ನಡುವೆ ಸಿಕ್ಕಿತು ಆ ಫೋಟೋ. ಕೋಲಾರದ ಸಂತೆಯಿಂದ ಕಡಲೆಕಾಯಿ ಕಟ್ಟಿಸಿಕೊಂಡು ಬಂದ ಹಳೆಯ ಪತ್ರಿಕೆಯ ತುಂಡು. ಅದರಲ್ಲಿ ಕಪ್ಪುಬಿಳುಪಿನ ನ್ಯಾಟು, ಬಾಲದ ಮೇಲೆ ನಂಬರಿನ ಸಮೇತ! ಕೆಳಗೆ ಬರೆದಿದ್ದ ಸಾಲು ಹರಿದುಹೋಗಿತ್ತು, ಒಂದು ಪಕ್ಕವೂ ಹರಿದಿತ್ತು. ಆದರೇನು, ವಿಮಾನ ಪೂರ್ತಿ ಇತ್ತು. ಸೀತಾರಾಮ ಕಡಲೆಕಾಯಿಯನ್ನು ನೆಲಕ್ಕೆ ಸುರಿದು ಕಾಗದವನ್ನು ದೀಪದ ಹತ್ತಿರ ಒಯ್ದ.

"ನೋಡೇ ಇಲ್ಲಿ, ಮೂಗಿನ ಮೇಲೆ! ಮೂರು ಬಿಳೀ ಪಟ್ಟೆ, ನಡುವೆ ಒಂದು ಗುಂಡನೆ ಚುಕ್ಕಿ. ಯಾವ ಪುಸ್ತಕದಲ್ಲೂ ಇದು ಇಲ್ಲ. ಸ್ಕ್ವಾಡ್ರನ್ ಗುರುತು, ವಿಮಾನ ಯಾವ ದಳದ್ದು ಅಂತ!"

ಮಾಧವಿ ಕಡಲೆಕಾಯಿ ಆಯುತ್ತಾ ಬಗ್ಗಿ ನೋಡಿದಳು. ನೋಡಿದ ತಕ್ಷಣ ಅವಳಿಗೆ ಗೊತ್ತಾಯಿತು. "ವಿಭೂತಿ, ಕುಂಕುಮ ಕಣ್ರೀ ಅದು. ಆಯುಧಪೂಜೆ ದಿನ ತೆಗೆದಿರೋ ಫೋಟೋ."

ಸೀತಾರಾಮ ಕರುಣೆಯಿಂದ ಹೆಂಡತಿಯನ್ನು ನೋಡಿದ. "ಅಲ್ವೇ, ಅಲ್ಲಿ ಶಿಸ್ತು ಅಂತ ಒಂದಿರುತ್ತೆ. ಜೆಟ್ಟಿಗೆ ಯಾರಾದ್ರೂ ವಿಭೂತಿ ಹಚ್ತಾರಾ?"

"ನಿಮ್ಮ ಸೈಕಲ್ಲಿಗೆ ನೀವು ಹಚ್ಚಲ್ವಾ? ಕೋಲಾರದ ಬಸ್ಸಿಗೆ ಹಚ್ಚಲ್ವಾ?"

"ಸೈಕಲ್ ಬೇರೆ, ಜೆಟ್ ಬೇರೆ. ನಿನಗೆ ಇದೆಲ್ಲ ಅರ್ಥವಾಗಲ್ಲ ಬಿಡು."

ಅರ್ಥವಾಗಲ್ಲ ಎಂದಮೇಲೆ ಮಾಧವಿ ತೆಪ್ಪಗಾದಳು. ಅವಳಿಗೂ ಒಂದಿಷ್ಟು ತುಂಟತನವಿತ್ತು. ಮಾಡಲಿ, ಎಷ್ಟು ದೂರ ಹೋಗುತ್ತಾರೋ ನೋಡೋಣ ಎಂದುಕೊಂಡಳು.

ಬಹಳ ದೂರವೇ ಹೋದ. ಫೋಟೋದಲ್ಲಿ ಕಪ್ಪಗಿದ್ದ ಆ ಚುಕ್ಕಿಯ ನಿಜವಾದ ಬಣ್ಣ ಯಾವುದು? ನೀಲಿಯೋ, ಹಸಿರೋ, ಕೆಂಪೋ? ಸೀತಾರಾಮ ರಟ್ಟಿನ ಮೇಲೆ ಬಗೆಬಗೆಯ ಬಣ್ಣದ ಚುಕ್ಕಿ ಇಟ್ಟು, ಅದನ್ನು ಊರಿನ ಸ್ಟುಡಿಯೋಗೆ ಒಯ್ದು ಕುರ್ಚಿಯ ಮೇಲೆ ನಿಲ್ಲಿಸಿ ಫೋಟೋ ತೆಗೆಸಿದ. ಹೆಣ್ಣು ತೋರಿಸುವುದಕ್ಕೆ, ಷಷ್ಟಿಪೂರ್ತಿಗೆ ಫೋಟೋ ತೆಗೆದು ಅಭ್ಯಾಸವಿದ್ದ ಸ್ಟುಡಿಯೋದ ಸುಬ್ಬರಾಯಪ್ಪ, ರಟ್ಟಿಗೆ "ಸ್ವಲ್ಪ ಮೇಲೆ ನೋಡಿ" ಎನ್ನುವುದೊಂದು ಬಾಕಿ. ಕಪ್ಪುಬಿಳುಪಿನ ಪ್ರಿಂಟು ಬಂದ ದಿನ ಸೀತಾರಾಮ ಅದನ್ನು ಪತ್ರಿಕೆಯ ತುಂಡಿನ ಪಕ್ಕದಲ್ಲಿಟ್ಟು, ಚುಕ್ಕಿಗೆ ಚುಕ್ಕಿ ತಾಳೆ ನೋಡಿ ಕುಣಿದುಬಿಟ್ಟ.

"ಕೆಂಪು ಕಣೇ ಮಾಧವಿ! ಅಚ್ಚ ಕುಂಕುಮದ ಕೆಂಪು!"

"ಹೌದಾ? ಕುಂಕುಮದ ಕೆಂಪಾ?" ಎಂದಳು ಮಾಧವಿ, ಒಂದೊಂದೇ ಅಕ್ಷರ ಬಿಡಿಸಿ.

"ಅದೇ ಅಂತೀನಿ!" ಎಂದ ಸೀತಾರಾಮ. ಅವನ ತಲೆಗೆ ಹೋಗಲಿಲ್ಲ.

ಫೋಟೋದ ಹರಿದ ಅಂಚಿನಲ್ಲಿ, ಮೂಗಿನ ಪಕ್ಕಕ್ಕೆ, ಕಪ್ಪಗೆ ಬಾಗಿದ ಏನೋ ಒಂದು ಕಾಣುತ್ತಿತ್ತು. ಇಂಧನ ತುಂಬುವ ಪೈಪಿರಬೇಕು ಎಂದು ತೀರ್ಮಾನಿಸಿ, ತಂತಿ ಬಗ್ಗಿಸಿ ಕಪ್ಪು ದಾರ ಸುತ್ತಿ, ಜೆಟ್ಟು ನಿಲ್ಲಿಸುವ ಹಲಗೆಯ ಮೇಲೆ ಅದನ್ನೂ ನೆಟ್ಟ. ಮೂರು ಪಟ್ಟೆಗಳಲ್ಲಿ ಕೆಳಗಿನದು ಕೊನೆಗೆ ಸೊಟ್ಟಗೆ ಜಾರಿತ್ತು. ಅದು ಕಾಗದ ಮಡಿಸಿದ್ದರಿಂದ ಆದದ್ದೆಂದು ಮೂರನ್ನೂ ಸ್ಕೇಲು ಇಟ್ಟು ನೇರವಾಗಿ ಎಳೆದ.

ಅಣ್ಣ ಬರುವ ದಿನ ಹತ್ತಿರವಾದಂತೆ ಮಾಧವಿಯ ತುಂಟತನ ಇಳಿದು ಹೆದರಿಕೆ ಹತ್ತಿಕೊಂಡಿತು. ಜೆಟ್ಟು ಅಷ್ಟು ಚೆನ್ನಾಗಿ ಬಂದಿತ್ತು. ಕಿಟಕಿಯ ಬಿಸಿಲಿಗೆ ಹಿಡಿದರೆ ಈಗ ಹಾರಿತೋ ಆಗ ಹಾರಿತೋ ಎನ್ನಿಸುತ್ತಿತ್ತು. ಆ ಮೂರು ಪಟ್ಟೆ ನೋಡಿದ್ದೇ ಅಣ್ಣ ಊರಿಗೆಲ್ಲ ಕೇಳುವಂತೆ ನಗುತ್ತಾನೆ. ವಿಭೂತಿಯನ್ನು ಸ್ಕ್ವಾಡ್ರನ್ ಗುರುತು ಎಂದವರು ನಮ್ಮ ಭಾವನವರು ಎಂದು ಮದುವೆ ಮುಂಜಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾನೆ. ಇದೂ ಅಟ್ಟ ಹತ್ತಿದರೆ ಇವರು ಇನ್ನೊಂದು ಮಾಡುವವರಲ್ಲ. ಅಣ್ಣ ಬರುವ ಬೆಳಿಗ್ಗೆ, ಗಂಡ ಸ್ನಾನಕ್ಕೆ ಹೋದಾಗ, ಅವಳು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಜೆಟ್ಟಿನ ಮುಂದೆ ಕೂತಳು. ಒಂದು ಸಲ ಒರೆಸಿದರೆ ಪಟ್ಟೆಯೂ ಇಲ್ಲ, ನಗೆಯೂ ಇಲ್ಲ.

ಬಟ್ಟೆ ಮೂಗಿನ ಹತ್ತಿರದವರೆಗೂ ಹೋಯಿತು. ಆದರೆ ಆ ಕೆಂಪು ಚುಕ್ಕಿಗಾಗಿ ಅವನು ಸ್ಟುಡಿಯೋಗೆ ಅಲೆದದ್ದು, ಉಸಿರು ಬಿಗಿಹಿಡಿದು ಕುಂಚ ಆಡಿಸಿದ್ದು ಎಲ್ಲ ಕಣ್ಣ ಮುಂದೆ ಬಂದು ಕೈ ಏಳಲಿಲ್ಲ. ಬಟ್ಟೆಯನ್ನು ಹಿತ್ತಿಲಿಗೆ ಎಸೆದು, ಬಂದದ್ದು ಬರಲಿ ಎಂದು ಒಗ್ಗರಣೆಗೆ ಇಟ್ಟಳು.

ನಾಗರಾಜ ಹನ್ನೊಂದರ ಬಸ್ಸಿಗೆ ಇಳಿದ. ಶ್ರೀನಿವಾಸಪುರದ ಮಾವಿನಹಣ್ಣಿನ ಬುಟ್ಟಿಯನ್ನು ಪಡಸಾಲೆಯಲ್ಲಿಟ್ಟು, ನೀರು ಕುಡಿದು, ಮೀಸೆ ಒರೆಸಿಕೊಂಡು, "ಏನ್ರೀ ಸೀತಾರಾಮು, ಈ ಸಲ ನೇಗಿಲೋ, ಕುಂಟೆಯೋ?" ಎಂದ. ಸೀತಾರಾಮ ಒಳಗೆ ಹೋಗಿ ಹಲಗೆಯನ್ನು ತಂದು ಅವನ ಮುಂದಿಟ್ಟ. ಮಾಧವಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ನಾಗರಾಜ ನಗುವುದಕ್ಕೆ ತಯಾರಾಗಿಯೇ ಬಗ್ಗಿದ. ಮೊದಲು ಕೆಳಗಿನಿಂದ ನೋಡಿದ. "ಚಕ್ರದ ಬಾಗಿಲು ಇಷ್ಟೇ ತೆರೆದಿರುತ್ತೆ ಅಂತ ಹೇಗೆ ಗೊತ್ತಾಯ್ತು?"

"ಬೇಲಿಯಾಚೆ ನಿಂತು ನೋಡಿದೆ ಭಾವ."

"ಹೂಂ." ಬೆರಳಿನ ಬೆನ್ನಿನಿಂದ ರೆಕ್ಕೆ ಸವರಿದ. ಬಾಲದ ಹತ್ತಿರದ ಕಂದಿದ ಕಾಗದವನ್ನು ತಿರುಗಿ ತಿರುಗಿ ನೋಡಿದ. ನಂಬರು ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಮೂಗಿಗೆ ಬಂದ. ಅಲ್ಲಿ ಅವನ ಕಣ್ಣು ನಿಂತುಬಿಟ್ಟಿತು.

"ಈ ಪಟ್ಟೆ ಏನು?"

"ಸ್ಕ್ವಾಡ್ರನ್ ಗುರುತು" ಎಂದ ಸೀತಾರಾಮ, ಎದೆಯುಬ್ಬಿಸಿ.

ಮಾಧವಿಗೆ ತಡೆಯಲಾಗಲಿಲ್ಲ. "ಅವರದ್ದೇನೂ ತಪ್ಪಿಲ್ಲಣ್ಣ" ಎಂದು ಧಡಕ್ಕನೆ ಹೊರಗೆ ಬಂದಳು. "ಅದು ಗುರುತು ಅಂತ ಹೇಳಿದ್ದು ನಾನು. ಅವರು ಬೇಡ ಬೇಡ ಅಂದ್ರೂ ನಾನೇ ಬಲವಂತ ಮಾಡಿ ಹಾಕಿಸ್ದೆ. ನಗೋದಾದ್ರೆ ನನ್ನ ನೋಡಿ ನಗು."

ಸೀತಾರಾಮ ಬೆಪ್ಪಾಗಿ ಹೆಂಡತಿಯ ಮುಖ ನೋಡಿದ. ನಾಗರಾಜ ನಗಲಿಲ್ಲ.

"ಈ ನಂಬರು ಎಲ್ಲಿ ಸಿಕ್ತು ನಿಮಗೆ?"

ಸೀತಾರಾಮ ಪತ್ರಿಕೆಯ ತುಂಡನ್ನು ತಂದುಕೊಟ್ಟ. ನಾಗರಾಜ ಅದನ್ನು ಹಿಡಿದು ಬೆಳಕಿದ್ದ ಕಡೆ ನಡೆದ. ಅವನ ದನಿ ಇಳಿದಿತ್ತು. "ಬಂದಿತ್ತಾ ಹಾಗಾದ್ರೆ ಪೇಪರಿನಲ್ಲಿ! ಬೆಂಗಳೂರಿಂದ ಪೇಪರಿನೋನು ಒಬ್ಬ ಬಂದಿದ್ದ. ನಾನು ಮುಳಬಾಗಿಲ ಕಡೆಯೋನು ಅಂತ ಗೊತ್ತಾಗಿ ಹೆಸರು, ಊರು ಎಲ್ಲಾ ಬರ್ಕೊಂಡು ಹೋದ. ನನ್ನ ಹೆಸರು ಪೇಪರಿನಲ್ಲಿ ಬಂತಾ ಅಂತ ನಿಮ್ಮನ್ನ ಕೇಳೋಕೆ ನಾಚಿಕೆ ಆಗಿ ಸುಮ್ಮನಿದ್ದೆ. ಆಯುಧಪೂಜೆ ದಿನ ಕಣೇ ಅದು. ಆ ವಿಭೂತಿ ಹಚ್ಚಿದ್ದು ನಾನೇ."

"ಜೆಟ್ಟಿಗೆ ವಿಭೂತಿ ಹಚ್ತಾರಾ ಭಾವ?" ಎಂದು ಸೀತಾರಾಮ ಕ್ಷೀಣವಾಗಿ ಕೇಳಿದ.

"ಹಚ್ಚದೆ? ನಿಮ್ಮ ಸೈಕಲ್ಲಿಗೆ ನೀವು ಹಚ್ಚಲ್ವಾ?"

ಮಾಧವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೀತಾರಾಮ ಅವಳ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ನಾಗರಾಜ ಮತ್ತೆ ಹಲಗೆಯ ಮುಂದೆ ಕೂತು, ಮೂಗಿನ ಪಕ್ಕದ ಬಾಗಿದ ತಂತಿಯನ್ನು ಮುಟ್ಟಿದ. "ಇದೇನು?"

"ಇಂಧನದ ಪೈಪು..." ಸೀತಾರಾಮನಿಗೆ ಈಗ ಯಾವುದರ ಮೇಲೂ ನಂಬಿಕೆ ಉಳಿದಿರಲಿಲ್ಲ.

"ಪೈಪಲ್ಲ ಮಾರಾಯ, ಅದು ನನ್ನ ಮೊಣಕೈ!"

ಆಗ ನಕ್ಕ ನಾಗರಾಜ. ಮನೆಯೇ ಹಾರಿಹೋಗುವಂತೆ ನಕ್ಕ. ನಗುತ್ತಾ ನಗುತ್ತಾ ಅವನ ಕಣ್ಣಲ್ಲಿ ನೀರು ಬಂತು. ನೀರು ಒರೆಸಿಕೊಂಡ ಮೇಲೂ ಮತ್ತೆ ಬಂತು. "ಈ ನಂಬರಿನ ಜೆಟ್ಟಿನ ಹೊಟ್ಟೆ ಕೆಳಗೇ ನನ್ನ ಅರ್ಧ ಆಯಸ್ಸು ಹೋಯ್ತು. ಹೋದ ವರ್ಷ ಅದನ್ನ ಬಿಚ್ಚಿ ಗುಜರಿಗೆ ಹಾಕಿದ್ರು. ಒಂದು ಫೋಟೋ ಇಟ್ಕೊಳ್ಳೋ ಹಾಗಿರಲಿಲ್ಲ ನಮಗೆ. ಇಲ್ಲಿ ನೋಡಿದ್ರೆ ನೀವು..." ಎಂದವನು ಬಗ್ಗಿ ಇನ್ನೊಮ್ಮೆ ಮೂಗನ್ನು ನೋಡಿದ. "ಒಂದು ತಪ್ಪಿದೆ."

ಸೀತಾರಾಮನ ಮುಖ ಪೆಚ್ಚಾಯಿತು.

"ಮಾಧೂ, ದೇವರ ಮನೆಯಿಂದ ವಿಭೂತಿ ತಗೊಂಡ್ಬಾ."

ಅವಳು ತಂದಳು. ನಾಗರಾಜ ಕಿರುಬೆರಳ ತುದಿಗೆ ವಿಭೂತಿ ಒತ್ತಿಕೊಂಡು, ಕೆಳಗಿನ ಪಟ್ಟೆಯ ಕೊನೆಯನ್ನು ಮೆಲ್ಲಗೆ ಸೊಟ್ಟಗೆ ಎಳೆದ. "ಪೈಲಟ್ ಹುಡುಗ ಹಿಂದಿನಿಂದ ಬಂದು, 'ನನಗೂ ಒಂಚೂರು ಹಚ್ಚಿ' ಅಂತ ಹಣೆ ಒಡ್ಡಿ ನಿಂತ. ನಾನು ಅವನ ಕಡೆ ತಿರುಗ್ದೆ, ಬೆರಳು ಜಾರಿಬಿಡ್ತು." ಅವನು ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡಿದ. "ಈಗ ಸರಿಯಾಗಿದೆ."

ಸೀತಾರಾಮ ಆ ಮಾತಿಗೋಸ್ಕರ ಅಷ್ಟು ಕಾಲ ಕಾದಿದ್ದವನು, ಬಂದಾಗ ಏನು ಮಾಡಬೇಕೆಂದು ತಿಳಿಯದೆ ಮಾವಿನಹಣ್ಣಿನ ಬುಟ್ಟಿಯನ್ನು ಎತ್ತಿ ಈ ಕಡೆಯಿಂದ ಆ ಕಡೆಗಿಟ್ಟ. ಒಳಗಿನಿಂದ ತಿರುಮಲಮ್ಮ, "ಏನಂತೆ? ಸಿಗರೇಟು ಬಿಟ್ನಂತಾ?" ಎಂದು ಕೂಗಿ ಕೇಳಿದರು.

"ನೀನು ಅವತ್ತೇ ಹೇಳಿದ್ದೆ ಕಣೇ" ಎಂದು ಸೀತಾರಾಮ ಹೆಂಡತಿಯ ಹತ್ತಿರ ಬಂದು ಮೆತ್ತಗೆ ಹೇಳಿದ.

"ನನಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತೆ ಬಿಡಿ" ಎಂದಳು ಮಾಧವಿ. ಅಂದದ್ದು ಹಾಗೆ, ಆದರೆ ಅವಳ ಕಣ್ಣೂ ತುಂಬಿತ್ತು.

ಊಟವಾದ ಮೇಲೆ ಮಾಧವಿ ಎಲೆ ಎತ್ತಿ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಹೊಸ ಕೆಲಸ ಶುರುವಾಗಿತ್ತು. ಬರೀ ಮೊಣಕೈ ಇದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ, ಮನುಷ್ಯನೂ ಬೇಕು ಎಂದು ಸೀತಾರಾಮ ಟೇಪು ಹಿಡಿದು ನಿಂತಿದ್ದ. ನಾಗರಾಜ ಗೋಡೆಯ ಮುಂದೆ, ಇಲ್ಲದ ಜೆಟ್ಟಿನ ಮೂಗಿಗೆ ಕೈ ಎತ್ತಿ, ಮೊಣಕೈ ಬಾಗಿಸಿ, ಒಂಚೂರೂ ಅಲ್ಲಾಡದೆ ನಿಂತಿದ್ದ.

"ಭಾವ, ಅವತ್ತು ಹಾಕಿದ್ದ ಬಟ್ಟೆ ಯಾವ ಬಣ್ಣ?"

ಕಾಗದ ಬರೆದು ಕೇಳಿದಾಗ ಬಣ್ಣಗಿಣ್ಣ ಹೇಳುವಂತಿಲ್ಲ ಎಂದಿದ್ದ ನಾಗರಾಜ, ಮುಖ ಅತ್ತಿತ್ತ ತಿರುಗಿಸದೆ ಹೇಳಿದ: "ನೀಲಿ. ಒಗೆದೂ ಒಗೆದೂ ಮಾಸಿತ್ತು. ಮೊಣಕೈ ಹತ್ತಿರ ಒಂದು ತೇಪೆ ಇತ್ತು, ಅದನ್ನ ಮರೀಬೇಡಿ."