ಚರ್ಚ್ ಗೇಟಿನ ಹಳದಿ ಕಾಗದ

“ಹಿಡ್ಕೋ ರಾಡ್ನಿ,” ಎಂದು ಎನಿಡ್ ಆರು ಚರ್ಮದ ಪಟ್ಟಿಗಳ ಕಟ್ಟನ್ನು ಅವನ ಎದೆಗೆ ಒತ್ತಿದಳು. “ಹೋದ ತಿಂಗಳು ತಾನೇ ಮಾರಿಸ್ ಎಣ್ಣೆ ಹಚ್ಚಿಟ್ಟಿದ್ದ. ನಿನ್ನ ಗಂಟೆಗಳಿಗೇನೂ ಆಗಲ್ಲ.”

ರಾಡ್ನಿ ಕೈ ಚಾಚಲಿಲ್ಲ. ಚರ್ಚಿನ ಗಂಟೆಗೋಪುರದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಗಂಟೆ ಬಾರಿಸುವ ಉಳಿದ ಐವರು ಅವನ ಅಕ್ಕಪಕ್ಕ ನೆಲ ನೋಡುತ್ತಿದ್ದರು. ಬಾರಿಸುವವರಲ್ಲಿ ಒಬ್ಬರು ಸತ್ತರೆ ಗಂಟೆಯ ನಾಲಗೆಗೆ ಒಂದು ಕಡೆ ಚರ್ಮ ಕಟ್ಟಿ ಬಾರಿಸಬೇಕು. ಒಂದು ಏಟು ಖಣ್ಣೆಂದರೆ ಮುಂದಿನದು ಮಂಕಾಗಿ ಕೇಳಬೇಕು. ವೆನ್‌ಬ್ರೂಕಿನಲ್ಲಿ ಈ ಮರ್ಯಾದೆ ಹಗ್ಗ ಹಿಡಿದೇ ತೂಕಡಿಸುತ್ತಿದ್ದ ಕುಡುಕನಿಗೂ ತಪ್ಪಿರಲಿಲ್ಲ.

“ನಿನ್ನ ಮೇಲೆ ನಮಗೇನೂ ಕೋಪ ಇಲ್ಲ ಎನಿಡ್,” ಎಂದ ರಾಡ್ನಿ. “ಆದ್ರೆ ಅವನಿಗೋಸ್ಕರ ಬಾರಿಸಿ ಅಂತ ಇವರಿಗೆ ಹ್ಯಾಗೆ ಹೇಳ್ಲಿ? ಇಪ್ಪತ್ತು ವರ್ಷ ಕಿಟಕಿ ತೆಗೀದೆ ಬದುಕಿದೀವಿ. ನಮ್ಮಮ್ಮ ಆ ಕಸದ ನಾತದಲ್ಲೇ ಕಣ್ಣು ಮುಚ್ಚಿದ್ದು. ಉಂಡ ಮನೆಗೆ ಎರಡು ಬಗೆದ ನಿನ್ನ ಗಂಡ.”

ಎನಿಡ್ ಪಟ್ಟಿಗಳನ್ನು ಗೋಪುರದ ಮೆಟ್ಟಿಲ ಮೇಲಿಟ್ಟಳು. “ಬಾರಿಸಿದ್ರೆ ಬಾರಿಸಿ, ಬಿಟ್ರೆ ಬಿಡಿ. ಅವನ ಸಾಮಾನು ಇಲ್ಲೇ ಇರ್ಲಿ.”

ಹತ್ತು ಹೆಜ್ಜೆ ಆಚೆ, ಮರದ ಕೆಳಗೆ ನಿಂತಿದ್ದ ಲೋರ್ನಾ ಪಿಂಡರ್‌ಗೆ ಪ್ರತಿ ಮಾತೂ ಕೇಳಿಸಿತು. ಜಿಲ್ಲಾ ಕೌನ್ಸಿಲಿನಲ್ಲಿ ಜಲ್ಲಿ ಎಲ್ಲಿ ಅಗೆಯಬೇಕು, ಕಸ ಎಲ್ಲಿ ಸುರಿಯಬೇಕು ಎಂದು ತೀರ್ಮಾನಿಸುವ ವಿಭಾಗಕ್ಕೆ ಈಗ ಅವಳೇ ಮುಖ್ಯಸ್ಥೆ. ಸತ್ತ ಮಾರಿಸ್ ಟ್ಯಾಪ್ಲಿ ಅದೇ ವಿಭಾಗದಲ್ಲಿ ನೋಟೀಸು ಕಟ್ಟುವ ಗುಮಾಸ್ತನಾಗಿದ್ದವನು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ. ಭೂಮಿ ಯಾಕೆ ನುಂಗುತ್ತದೆ? ಈ ಊರಲ್ಲಿ ಅದರ ಹೊಟ್ಟೆ ಆಗಲೇ ತುಂಬಿತ್ತು.

ಎನಿಡ್ ಅವಳ ಪಕ್ಕದಲ್ಲೇ ಹಾದುಹೋದಳು. “ಬಂದ್ಯಾ ಲೋರ್ನಾ,” ಎಂದಳು, ಅಷ್ಟೇ.

*

ಇಪ್ಪತ್ತೆರಡು ವರ್ಷದ ಹಿಂದೆ, ವೆನ್‌ಬ್ರೂಕಿನ ಜಲ್ಲಿ ತೆಗೆದು ಬರಿದಾದ ಗುಂಡಿಗೆ ಪಟ್ಟಣದ ಕಸ ತುಂಬಲು ಅರ್ಜಿ ಬಂತು. ಅಂಥ ಅರ್ಜಿ ಬಂದರೆ ಜಾಗದ ಹತ್ತಿರ ಹಳದಿ ಕಾಗದದ ನೋಟೀಸು ಕಟ್ಟಬೇಕು. ಇಪ್ಪತ್ತೊಂದು ದಿನದೊಳಗೆ ಊರವರು ತಕರಾರು ಬರೆಯಬಹುದು. ಎಲ್ಲಿ ಕಟ್ಟಬೇಕೆಂದು ನಕ್ಷೆಯಲ್ಲಿ, ಗುಂಡಿ ಬದಿಯ ಕಾಲುದಾರಿಯ ಒಂದು ಕಂಬಕ್ಕೆ, ಗುರುತು ಹಾಕಿದವಳು ಲೋರ್ನಾ.

“ಈ ನಕ್ಷೆ ಹಳೇದು ಮೇಡಂ,” ಎಂದ ಮಾರಿಸ್. “ಜಲ್ಲಿ ತೆಗೆಯೋಕೆ ಶುರು ಮಾಡಿದಾಗ್ಲೇ ಆ ದಾರಿ ಮುಚ್ಚಿದ್ರು. ನಮ್ಮೂರಲ್ವಾ, ನಂಗೊತ್ತು. ಈಗ ಅಲ್ಲಿ ಒಂದು ನರಪಿಳ್ಳೆ ಸುಳಿಯಲ್ಲ. ಚರ್ಚ್ ಗೇಟಿಗೆ ಕಟ್ಲಾ?”

ಲೋರ್ನಾ ಕೆಲಸಕ್ಕೆ ಸೇರಿ ಐದು ತಿಂಗಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೊಟ್ಟೆಯಲ್ಲಿ ಮೂರು ತಿಂಗಳ ಕೂಸು. ಗುರುತು ಬದಲಿಸಿದರೆ ಕಡತ ಮತ್ತೆ ಸಾಹೇಬರ ಮೇಜಿಗೆ ಹೋಗಬೇಕು, ಹಳೆ ನಕ್ಷೆ ಹಿಡಿದ ದಡ್ಡಿ ಯಾರೆಂದು ಅವರು ಕೇಳಬೇಕು.

“ಗುರುತು ಹಾಕಿದ ಕಡೆ ಕಟ್ಟಿ ಮಾರಿಸ್. ಕಾನೂನು ಕೇಳೋದು ಜಾಗದ ಹತ್ತಿರ, ಚರ್ಚಿನ ಹತ್ತಿರ ಅಲ್ಲ.”

ಅವನು ಆ ಕಂಬಕ್ಕೇ ಕಟ್ಟಿದ. ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಫೋಟೋ ತೆಗೆದ. ತಮ್ಮೂರಿನ ಅರ್ಜಿಯ ಬಗ್ಗೆ ನೌಕರರು ಊರಲ್ಲಿ ಬಾಯಿ ಬಿಡಬಾರದೆಂಬುದು ಕಚೇರಿಯ ಶಿಸ್ತು. ಅದನ್ನೂ ಪಾಲಿಸಿದ, ಪುಣ್ಯಾತ್ಮ. ಒಂದೇ ಒಂದು ತಕರಾರು ಬರಲಿಲ್ಲ. ಸಮಿತಿಯವರು ಚಹಾ ಆರುವಷ್ಟರಲ್ಲಿ ಅನುಮತಿ ಕೊಟ್ಟು ಎದ್ದರು.

ಲಾರಿಗಳು ಬಂದವು, ಹಿಂದೆಯೇ ಕಡಲಹಕ್ಕಿಗಳು, ಇಲಿಗಳು, ನಾತ. ಊರ ಸಭಾಮಂದಿರದಲ್ಲಿ ಜನ ಸೇರಿದರು. ಲೋರ್ನಾ ಅಧಿಕಾರಿಗಳ ಸಾಲಿನಲ್ಲಿ ಮೇಜಿನ ಹಿಂದೆ ಕೂತಿದ್ದಳು.

“ಆ ಕಂಬ ಆರಿಸಿದ ಮಹಾನುಭಾವ ಯಾರು?” ಎಂದು ರಾಡ್ನಿ ಎದ್ದುನಿಂತು ಕೂಗಿದ.

ಲೋರ್ನಾ ತನ್ನ ಚಹಾ ಕಪ್ಪಿನೊಳಗೆ ನೋಡಿದಳು. ಆಗ ಹಿಂದಿನ ಸಾಲಿನಿಂದ ಮಾರಿಸ್, “ಕಟ್ಟಿದ್ದು ನಾನು,” ಎಂದ.

ಊರಿಗೆ ಅಷ್ಟು ಸಾಕಾಯಿತು. ಸಭೆ ಮುಗಿದ ಮೇಲೆ ಲೋರ್ನಾ ಅವನ ಹಿಂದೆ ಓಡಿಬಂದು, “ಮಾರಿಸ್, ನಾನು…” ಎಂದಳು.

“ಕಾಲು ಊದಿದೆ ನಿಮಗೆ. ಮನೆಗೆ ಹೋಗಿ ಮಲಗಿ.”

ಅವಳು ಹೋಗಿ ಮಲಗಿದಳು. ಹೆರಿಗೆಯಾದ ಮೇಲೆ ಹೇಳೋಣ ಎಂದುಕೊಂಡಳು, ಖಾಯಂ ಆದಮೇಲೆ, ಬಡ್ತಿ ಸಿಕ್ಕಮೇಲೆ. ಇತ್ತ ಗೋಪುರದಲ್ಲಿ ಮಾರಿಸ್ ಗಂಟೆಯ ಹಗ್ಗ ಹಿಡಿದರೆ ಉಳಿದವರು ಹಗ್ಗ ಬಿಟ್ಟು ಇಳಿದುಹೋಗುತ್ತಿದ್ದರು. ಮೂರು ಭಾನುವಾರ ಹೀಗಾದ ಮೇಲೆ ಅವನು ಗೋಪುರ ಹತ್ತುವುದನ್ನೇ ಬಿಟ್ಟ.

*

ಚರ್ಚಿನೊಳಗೆ ಹನ್ನೊಂದು ಜನ ಇದ್ದರು. “ಮಾರಿಸ್ ಈ ಊರಿಗೆ ಬೇಕಾದವನಾಗಿದ್ದ,” ಎಂದು ಪಾದ್ರಿ ಹೇಳುವಾಗ ಯಾರೋ ಕೆಮ್ಮಿದರು. ಲೋರ್ನಾ ಎದ್ದು ಹೊರಗೆ ಬಂದಳು.

ಕಾರಿನ ಡಿಕ್ಕಿಯಲ್ಲಿ ಹಳದಿ ಕಾಗದ, ಪ್ಲಾಸ್ಟಿಕ್ ಪಟ್ಟಿಗಳು ಯಾವಾಗಲೂ ಇರುತ್ತಿದ್ದವು. ಡಿಕ್ಕಿಯ ಅಂಚಿಗೆ ಕಾಗದ ಒತ್ತಿ ದಪ್ಪ ಅಕ್ಷರದಲ್ಲಿ ಬರೆದಳು. ಮೇಲೆರಡು, ಕೆಳಗೆರಡು ಪಟ್ಟಿ ಹಾಕಿ ಚರ್ಚ್ ಗೇಟಿಗೆ ಬಿಗಿದಳು. ಕೆಳಗೂ ಬಿಗಿಯದಿದ್ದರೆ ಗಾಳಿಗೆ ಮಡಚಿಕೊಳ್ಳುತ್ತದೆ. ಅದನ್ನು ಕಲಿಸಿದವನೂ ಮಾರಿಸನೇ.

ಒಳಗೆ ಹೋಗದೆ ಗೋಡೆಯ ಹತ್ತಿರ ನಿಂತಿದ್ದ ಆರು ಜನ ಬಂದು ನೋಡಿದರು. ರಾಡ್ನಿ ಗಟ್ಟಿಯಾಗಿ ಓದಿದ: “‘ಕಸದ ಗುಂಡಿಯ ನೋಟೀಸನ್ನು ಯಾರೂ ಓಡಾಡದ ಕಂಬಕ್ಕೆ ಕಟ್ಟಿಸಿದವಳು ನಾನು. ಈ ಗೇಟಿಗೇ ಕಟ್ಟೋಣ ಎಂದು ಮಾರಿಸ್ ಟ್ಯಾಪ್ಲಿ ಹೇಳಿದ್ದ. ನಾನು ಕೇಳಲಿಲ್ಲ. ಆಮೇಲೆ ಸುಮ್ಮನಿದ್ದವಳೂ ನಾನೇ. ಲೋರ್ನಾ ಪಿಂಡರ್.’”

ಅವನು ತಿರುಗಿದ. “ಇಷ್ಟು ವರ್ಷ ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ?”

“ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಬಂದಿದಾಳೆ,” ಎಂದಳು ಆರು ಜನರಲ್ಲಿ ಹಿರಿಯಳಾದ ಬೆರಿಲ್. ಕಾಗದವನ್ನು ಇನ್ನೊಮ್ಮೆ ಓದಿ ಅವಳೇ ಮೆಲ್ಲಗೆ, “ನಾವೂ ಒಂದಿನ ಅವನನ್ನ ಕೂರಿಸ್ಕೊಂಡು ಕೇಳ್ಲಿಲ್ವಲ್ಲೋ ರಾಡ್ನಿ,” ಎಂದಳು.

ರಾಡ್ನಿಯ ಮುಖ ಕೆಂಪೇರಿತು. ಅವನು ಕಾಗದಕ್ಕೆ ಬೆನ್ನು ತಿರುಗಿಸಿ ಹೊರಟುಹೋದ. ಉಳಿದವರೂ ಅವನ ಹಿಂದೆ ನಡೆದರು. ಎಲ್ಲಿಗೆ ಹೋದರೆಂದು ನೋಡುವ ಧೈರ್ಯ ಲೋರ್ನಾಗೆ ಇರಲಿಲ್ಲ.

ಅರ್ಧ ಗಂಟೆಯ ಮೇಲೆ ಶವಪೆಟ್ಟಿಗೆ ಹೊರಗೆ ಬಂತು. ಸ್ಮಶಾನ ರಸ್ತೆಯಾಚೆ, ಗೇಟು ದಾಟಲೇಬೇಕು. ಹೆಗಲು ಕೊಟ್ಟವರೆಲ್ಲ ಅಂತ್ಯಕ್ರಿಯೆಯ ಕಂಪನಿಯ ಬಾಡಿಗೆ ಆಳುಗಳು. ಎನಿಡ್ ಗೇಟಿನ ಹತ್ತಿರ ನಿಂತಳು. ಅವರೂ ಪೆಟ್ಟಿಗೆ ಹೊತ್ತು ನಿಂತರು. ಅವಳು ಕನ್ನಡಕ ಹಾಕಿಕೊಂಡು ಅವಸರವಿಲ್ಲದೆ ಓದಿದಳು.

“ನಂಗೆ ಅವತ್ತೇ ಗೊತ್ತಿತ್ತು,” ಎಂದಳು. “ಬಸುರಿ ಹುಡುಗಿ, ಕೆಲಸ ಹೋದೀತು ಅಂದ. ಮಗು ಆದ್ಮೇಲೆ ಅವಳೇ ಹೇಳ್ತಾಳೆ ನೋಡ್ತಿರು ಅಂದ. ವರ್ಷ ವರ್ಷಾನೂ ಹಾಗೇ ಅಂದ. ಮಗೂಗೆ ಈಗೆಷ್ಟು ವಯಸ್ಸು?”

“ಇಪ್ಪತ್ತೆರಡು ಆಗ್ತಾ ಬಂತು.” ಲೋರ್ನಾ ಒಂದು ಹೆಜ್ಜೆ ಮುಂದೆ ಬಂದಳು. “ಎನಿಡ್, ನಾನು…”

“ಈಗ ನಂಗೆ ಹೇಳ್ಬೇಡ. ಇಪ್ಪತ್ತೊಂದು ದಿನ ಇದನ್ನ ಬಿಚ್ಚಬೇಡ. ಕಾನೂನು ತಾನೇ?” ಎನಿಡ್ ಕಪ್ಪು ಕೈಗವಸಿನ ಕೈ ಚಾಚಿದಳು. “ಫೋನ್ ಕೊಡು. ಮಾರಿಸ್ ಫೋಟೋ ತೆಗೀದೆ ಯಾವ ನೋಟೀಸನ್ನೂ ಬಿಟ್ಟು ಬಂದವನಲ್ಲ.”

ಲೋರ್ನಾ ಫೋನು ಕೊಟ್ಟು ಪಕ್ಕಕ್ಕೆ ಸರಿದಳು.

“ಎಲ್ಲಿ ಹೋಗ್ತೀಯ? ಕಾಗದದ ಪಕ್ಕ ನಿಂತ್ಕೋ.”

ಅವಳು ನಿಂತಳು. ಪೆಟ್ಟಿಗೆಯ ಹಿಂದೆ ಸಾಲಾಗಿ ನಿಂತವರು ಕತ್ತು ಚಾಚಿ ಕಾಗದವನ್ನೂ ಅವಳನ್ನೂ ನೋಡುತ್ತಿದ್ದರು. ಅಷ್ಟರಲ್ಲಿ ಗೋಪುರದಿಂದ ಒಂದು ಗಂಟೆ ಖಣ್ಣೆಂದಿತು. ಚರ್ಮದ ಪಟ್ಟಿಗಳಿಟ್ಟಿದ್ದ ಗೋಪುರದ ಮೆಟ್ಟಿಲು ಬರಿದಾಗಿತ್ತು. ಮುಂದಿನ ಏಟು ಚರ್ಮ ಸುತ್ತಿದ ಕಡೆಯಿಂದ ಬಿತ್ತು, ದೂರದಲ್ಲೆಲ್ಲೋ ಬಾಗಿಲು ಮುಚ್ಚಿದ ಹಾಗೆ.

“ತಲೆ ಎತ್ತು ಲೋರ್ನಾ,” ಎಂದಳು ಎನಿಡ್, ಎರಡು ಹೆಜ್ಜೆ ಹಿಂದೆ ಸರಿದು. “ಮುಖ ಕಾಣ್ಬೇಕು.”