ಉಂಡ್ಯಾ ಮಗಾ?

ಇದನ್ನು ಬರೆಯುವ ಹಕ್ಕು ನನಗಿದೆಯೇ ಎಂಬುದೇ ಅನುಮಾನ. ಹೋದ ಜೀವ ನಮ್ಮ ಮನೆಯದಲ್ಲ. ತೀರಿಕೊಂಡ ಚಂದ್ರಮೌಳಿಯವರ ಕಡೆಯವರು ಯಾರಾದರೂ ಓದಿದರೆ ಕ್ಷಮಿಸಿ. ಹಾಸನದ ಸಂಜೆ ಕಾಲೇಜಿನಲ್ಲಿ ಕಲಿತಷ್ಟು ಕನ್ನಡದಲ್ಲಿ, ಕಂಡದ್ದನ್ನು ಕಂಡ ಹಾಗೆ ಹೇಳಲು ನೋಡುತ್ತೇನೆ.

ನನ್ನ ತಮ್ಮ ಗೌತಮ್ ಚನ್ನರಾಯಪಟ್ಟಣದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ. ಕಾರಿನಲ್ಲಿ ಓನರು ಹಾಕಿಸಿದ ಟೀವಿ ಇತ್ತು. ಗೌತಮ್ ಅದಕ್ಕೆ ಸದಾ ಟವೆಲ್ ಹೊದಿಸಿರುತ್ತಿದ್ದ. ಯಾರಾದರೂ ಹಾಡು ಹಾಕು ಎಂದರೆ "ಕೆಟ್ಟೋಗದೆ ಸಾ" ಎನ್ನುತ್ತಿದ್ದ. ಮುಂದೆ ಕೂತವರು ಫೋನಿನಲ್ಲಿ ವಿಡಿಯೋ ಹಾಕಿದರೆ ಅವರನ್ನು ಹಿಂದಿನ ಸೀಟಿಗೆ ಕಳಿಸುತ್ತಿದ್ದ. "ಗಾಡಿ ಒಳಗಿರೋ ಫೋನೆಲ್ಲ ಡ್ರೈವರ್ದೇ ಕಣಕ್ಕ. ಏನಾದ್ರೂ ಆದ್ರೆ ಕೇಳೋದು ನನ್ನೇ."

ಆ ಭಾನುವಾರ ಮಲ್ಲಿಪಟ್ಟಣದಲ್ಲಿ ಮಾವನ ಮಗಳ ಸೀಮಂತ. ಹೊರಟವರು ಗೌತಮ್, ನಾನು, ಮುದ್ದಮ್ಮ ಚಿಕ್ಕಮ್ಮ. ಚಿಕ್ಕಮ್ಮನಿಗೆ ಹಿಂದೆ ಕೂತರೆ ವಾಂತಿ, ಆದ್ದರಿಂದ ಮುಂದಿನ ಸೀಟು ಅವಳದೇ.

"ಏನ್ಲಾ ಇದು, ಟೀವಿಗೆ ಮುಸುಕು ಆಕಿದ್ದೀಯಾ? ಮದ್ವೆ ಎಣ್ಣಾ?" ಎಂದು ನಗಿಸಿದಳು.

ಹೊಳೆನರಸೀಪುರ ದಾಟಿ ಅರಕಲಗೂಡಿನ ರಸ್ತೆ ಹಿಡಿದೆವು. ಅಜ್ಜಿ ದೊಡ್ಡತಾಯಮ್ಮ ಮಲ್ಲಿಪಟ್ಟಣದಿಂದ ಚಿಕ್ಕಮ್ಮನ ಫೋನಿಗೆ ವಿಡಿಯೋ ಕಾಲ್ ಮಾಡಿಸಿದಳು. ಅಜ್ಜಿಗೆ ಕಿವಿ ಕೇಳುವುದಿಲ್ಲ. ಅವಳು "ಉಂಡ್ಯಾ" ಅಂದಾಗ ಮುಖ ತೋರಿಸಿ, ಬೆರಳು ಕೂಡಿಸಿ ಬಾಯಿಗೊಯ್ದು, ತಲೆಯಾಡಿಸಬೇಕು. ಆಡಿಸದವರು ತನ್ನ ಮೇಲೆ ಮುನಿದಿದ್ದಾರೆ ಎಂದೇ ಅವಳು ತಿಳಿಯುತ್ತಾಳೆ. ನಾನು ತಲೆಯಾಡಿಸಿದೆ. ಚಿಕ್ಕಮ್ಮ ಫೋನನ್ನು ಗೌತಮ್‌ನ ಕಡೆ ಹಿಡಿದಳು.

"ಚಿಕ್ಕಮ್ಮ, ಬ್ಯಾಡ. ಕೆಳಗೆ ಮಡಗು."

"ಒಂದ್ಗಳಿಗೆ ಕಣ್ಲಾ. ಮುದ್ಕಿ ಕೇಳ್ತಾವ್ಳೆ, ತಲೆ ಆಡ್ಸಕ್ಕೇನು ರೋಗ?"

"ಗಾಡಿ ನಿಲ್ಲುಸ್ತೀನಿ, ತಡಿ."

"ಅಬ್ಬಾ, ದೊಡ್ಡ ಕಲೆಟ್ರು ಇವನು!"

ಅಜ್ಜಿಯ ದನಿ ಜೋರಾಯಿತು. "ಉಂಡ್ಯಾ ಮಗಾ? ಯಾಕ್ಲಾ, ನನ್ ಮ್ಯಾಲೆ ಕ್ವಾಪನಾ?"

ಇಂಡಿಕೇಟರಿನ ಟಿಕ್‌ಟಿಕ್ ಕೇಳಿಸಿತು. ಕಾರು ಎಡಕ್ಕೆ ವಾಲಿತು. ಆಮೇಲೆ ಆ ಸದ್ದು.

ರಸ್ತೆಯಂಚಿನಲ್ಲಿ ಮೊಪೆಡ್ಡಿನ ಹಿಂದೆ ಹಸಿ ಹುಲ್ಲಿನ ಹೊರೆ ಕಟ್ಟಿಕೊಂಡು ಹೋಗುತ್ತಿದ್ದವರು ಚಂದ್ರಮೌಳಿ. ಹುಲ್ಲು ರಸ್ತೆ ತುಂಬ ಚೆಲ್ಲಿತ್ತು. ಗೌತಮ್ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಟೀವಿಯ ಮೇಲಿದ್ದ ಟವೆಲ್ಲನ್ನೇ ಒತ್ತಿ ಹಿಡಿದಿದ್ದ. ಸೀಟಿನ ಕೆಳಗೆ ಬಿದ್ದ ಫೋನಿನಿಂದ ಅಜ್ಜಿ ಇನ್ನೂ ಕೇಳುತ್ತಲೇ ಇದ್ದಳು. "ಉಂಡ್ಯಾ ಮಗಾ? ಉಂಡ್ಯಾ?"

ಹಾಸನದ ಆಸ್ಪತ್ರೆಯಲ್ಲಿ ಅವರು ಉಳಿಯಲಿಲ್ಲ.

ಠಾಣೆಯಲ್ಲಿ ಚಿಕ್ಕಮ್ಮ ಕೈಮುಗಿದಳು. "ನಾನ್ ಸುಮ್ನೆ ಇಡ್ಕಂಡಿದ್ದೆ ಸಾ. ನನ್ನೂ ಒಳಗಾಕ್ತೀರಾ?" ಸಾಹೇಬರು ನನ್ನನ್ನು ಕೇಳಿದರು, ಡ್ರೈವರ್ ಫೋನ್ ನೋಡಿದನೇ ಎಂದು. ನಾನು ಹಿಂದೆ ಕೂತಿದ್ದೆ. ಕಂಡದ್ದು ಅವನ ಹಿಂದಲೆ, ಅಡ್ಡ ಚಾಚಿದ ಚಿಕ್ಕಮ್ಮನ ಕೈ. ಅಷ್ಟನ್ನೇ ಹೇಳಿದೆ. ಗೌತಮ್ ನನ್ನ ಮಾತು ಮುಗಿಯಲು ಬಿಡಲಿಲ್ಲ.

"ನೋಡ್ದೆ ಸಾ. ತಲೆನೂ ಆಡುಸ್ದೆ. ಚಿಕ್ಕಮ್ಮುನ್ದು ಏನೂ ಇಲ್ಲ."

ಹಾಗೆಯೇ ಬರೆದುಕೊಂಡರು. ಕೇಸು ನಡೆಯುತ್ತಿದೆ, ಶಿಕ್ಷೆ ಆಗುತ್ತದೆ ಎಂದು ವಕೀಲರೇ ಹೇಳಿದ್ದಾರೆ. ಚಂದ್ರಮೌಳಿಯವರ ಹೆಂಡತಿ ಬೆಟ್ಟಮ್ಮನವರ ಕಾಲು ಹಿಡಿಯಲು ಹೋದೆವು. ಬಾಗಿಲು ತೆರೆಯಲಿಲ್ಲ. ತೆರೆದಿದ್ದರೂ ಏನು ಹೇಳುತ್ತಿದ್ದೆವೋ.

ಅಜ್ಜಿಗೆ ಯಾರೂ ಏನೂ ಹೇಳಿಲ್ಲ. ಈಗಲೂ ಕಾಲ್ ಮಾಡಿಸುತ್ತಾಳೆ. ಗೌತಮ್ ಎದ್ದು ಹಿತ್ತಲಿಗೆ ಹೋಗುತ್ತಾನೆ. "ಅವ್ನಿಗೆ ನನ್ ಮ್ಯಾಲೆ ಇನ್ನೂ ಕ್ವಾಪ" ಎಂದು ಅಜ್ಜಿ ಅಳುತ್ತಾಳೆ. ನಾನು ಅವನ ಬದಲು ಬೆರಳು ಕೂಡಿಸಿ ಬಾಯಿಗೊಯ್ಯುತ್ತೇನೆ.

ಅವನು ಅಜ್ಜಿಗಾಗಿ ತಲೆಯಾಡಿಸಲು ಹೋಗಿ ರಸ್ತೆಯಿಂದ ಕಣ್ಣು ತೆಗೆದನೋ, ಕಾರು ನಿಲ್ಲಿಸಲೆಂದೇ ಎಡಕ್ಕೆ ಎಳೆದಾಗ ಚಿಕ್ಕಮ್ಮನ ಕೈ ಅಡ್ಡವಾಯಿತೋ ನನಗೆ ಗೊತ್ತಿಲ್ಲ. ಒಮ್ಮೆ ಕೇಳಿದೆ. "ಎರಡ್ರಲ್ಲಿ ಯಾವ್ದಾದ್ರೂ, ಗಾಡಿ ಓಡುಸ್ತಿದ್ದೋನು ನಾನೇ ಅಲ್ವೇನಕ್ಕ" ಎಂದ. ಮತ್ತೆ ಕೇಳಿಲ್ಲ.